ಎರಡನೇ ಬೇಸ್‌ಗೆ ಎಡಗೈ

ಆತ ಲಿಫ್ಟ್ ರಿಪೇರಿ ಮಾಡುವವನು. ಹಗಲೆಲ್ಲ ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ, ಗ್ರೀಸು ಮೆತ್ತಿದ ಹಗ್ಗಗಳ ನಡುವೆ ಕೆಲಸ. ಸಂಜೆ ಬಡಾವಣೆಯ ಮೈದಾನದಲ್ಲಿ ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸುವುದು. ಹಾಗಾಗಿ ಎಲ್ಲರ ಬಾಯಲ್ಲೂ ಆತ ಲಿಫ್ಟ್ ಮೇಷ್ಟ್ರು. “ಇವರ ಕೈಗೆ ಸಿಕ್ಕವರೆಲ್ಲ ಮೇಲಕ್ಕೆ ಹೋಗ್ತಾರೆ” ಎಂದು ಯಾರೋ ತಮಾಷೆ ಮಾಡಿದ್ದರು. “ಮಧ್ಯದಲ್ಲಿ ಕರೆಂಟ್ ಹೋಗ್ದಿದ್ರೆ” ಎಂದು ಇನ್ಯಾರೋ ಸೇರಿಸಿದ್ದರು.

ಆತನಿಗಿಂತ ಮುಂಚೆ ತಂಡವನ್ನು ನೋಡಿಕೊಳ್ಳುತ್ತಿದ್ದವರು ಔಷಧಿ ಅಂಗಡಿಯವರು. ಅವರ ಮಗಳೇ ಪಿಚರ್, ಅಂದರೆ ಬ್ಯಾಟಿನವಳಿಗೆ ಚೆಂಡು ಎಸೆಯುವವಳು. ಚೆಂಡು ಎತ್ತ ಹೋದರೂ, ಎಷ್ಟು ಆಟ ಸೋತರೂ ಅವಳೇ ಪಿಚರ್. ಬೇಲಿಯ ಹೊರಗೆ ನಿಂತು ಗೊಣಗುವ ತಂದೆತಾಯಂದಿರಲ್ಲಿ ಎಲ್ಲರಿಗಿಂತ ದೊಡ್ಡ ದನಿ ಲಿಫ್ಟ್ ಮೇಷ್ಟ್ರದ್ದಾಗಿತ್ತು. “ಬೇಲೀನೇ ಎದ್ದು ಹೊಲ ಮೇಯ್ದ್ರೆ ಹೇಗ್ರೀ?” ಎಂದು ಕೇಳಿಸುವ ಹಾಗೆಯೇ ಹೇಳುತ್ತಿದ್ದ. ಕೊನೆಗೊಂದು ದಿನ ಔಷಧಿ ಅಂಗಡಿಯವರು ಕೊರಳಲ್ಲಿದ್ದ ಸೀಟಿ ತೆಗೆದು ಆತನ ಅಂಗೈಗಿಟ್ಟು, “ನೀವೇ ಮಾಡಿ ತೋರ್ಸಿ” ಎಂದು ಹೊರಟುಬಿಟ್ಟರು.

ಆ ವಾರ ನಡೆದ ಸಭೆಯಲ್ಲಿ ಲಿಫ್ಟ್ ಮೇಷ್ಟ್ರು ಎಲ್ಲರ ಎದುರು ಎದ್ದು ನಿಂತು ಹೇಳಿದ: “ನನ್ನ ಮಗಳೂ ಈ ತಂಡದಲ್ಲಿದ್ದಾಳೆ. ಆದ್ರೆ ಮೈದಾನದೊಳಗೆ ಕಾಲಿಟ್ಟ ಮೇಲೆ ಅವಳು ನನ್ನ ಮಗಳಲ್ಲ. ಸಾಲಿನಲ್ಲಿ ಕೊನೇಲಿ ನಿಲ್ತಾಳೆ.” ಜನ ಚಪ್ಪಾಳೆ ತಟ್ಟಿದರು. ತನ್ನ ವ್ಯಾನಿನಲ್ಲಿ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ ಚಪ್ಪಾಳೆ ಆತನ ಕಿವಿಯಲ್ಲೇ ಇತ್ತು. ಪಕ್ಕದ ಸೀಟಿನಲ್ಲಿ ಮಗಳು ಪುಟ್ಟಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಆ ವರ್ಷ ತಂಡಕ್ಕೆ ಎರಡನೇ ಬೇಸಿನ ಹುಡುಗಿ ಇರಲಿಲ್ಲ. ಬ್ಯಾಟ್ ಬೀಸಿದವಳು ಮೂರು ಬೇಸುಗಳನ್ನು ಒಂದೊಂದಾಗಿ ಮುಟ್ಟುತ್ತ ಓಡಿ, ಹೊರಟ ಜಾಗಕ್ಕೆ, ಅಂದರೆ ‘ಮನೆ’ಗೆ, ಮರಳಿದರೆ ಒಂದು ಅಂಕ; ಆ ಮೂರರಲ್ಲಿ ನಡುವಿನದು ಎರಡನೇ ಬೇಸ್. ಹಿಂದೆ ಆಡುತ್ತಿದ್ದವಳು ವಯಸ್ಸು ಮೀರಿ ದೊಡ್ಡವರ ತಂಡಕ್ಕೆ ಹೋಗಿದ್ದಳು. ನೋಡುವವರಿಗೆ ಎರಡನೇ ಬೇಸ್ ಅಷ್ಟೇನೂ ದೊಡ್ಡ ಜಾಗವಲ್ಲ. ಪಿಚರ್‌ಗಿರುವ ಮೆರುಗು ಅಲ್ಲಿಲ್ಲ. ಮೂರನೇ ಬೇಸಿನವಳ ಹಾಗೆ ಉದ್ದಕ್ಕೆ ಎಸೆದು ಶಹಬ್ಬಾಸ್ ಅನ್ನಿಸಿಕೊಳ್ಳುವುದೂ ಇಲ್ಲ. ಆದರೆ ಚೆಂಡು ಎಲ್ಲಿಗೆ ಹೋದರೂ ಎರಡನೇ ಬೇಸಿನವಳಿಗೆ ಕೆಲಸ ತಪ್ಪಿದ್ದಲ್ಲ. ಒಂದನೇ ಬೇಸಿನವಳು ಚೆಂಡಿಗಾಗಿ ಮುಂದೆ ಓಡಿದರೆ ಅವಳ ಜಾಗ ಕಾಯಬೇಕು. ಎರಡನೇ, ಮೂರನೇ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಹುಡುಗಿ ಚೆಂಡು ಹೆಕ್ಕಿ ಎಸೆದರೆ, ಬೇಸಿನ ಮೇಲೆ ಕಾಲಿಟ್ಟು ಹಿಡಿದು, ಅದೇ ಉಸಿರಿನಲ್ಲಿ ಒಂದನೇ ಬೇಸಿಗೆ ಕಳಿಸಬೇಕು. ಹಾಗೆ ಮಾಡಿದರೆ ಒಂದೇ ಏಟಿಗೆ ಇಬ್ಬರು ಔಟ್. ಅಲ್ಲಿ ತೋಳಿನ ಬಲಕ್ಕಿಂತ ಕಾಲಿನ ಚುರುಕು ಮುಖ್ಯ, ಕಾಲಿಗಿಂತ ಮುಂದೆ ಓಡುವ ತಲೆ ಮುಖ್ಯ.

ಇನ್ನೊಂದು ಮಾತೂ ಇದೆ, ಆಟ ಬಲ್ಲವರೆಲ್ಲರಿಗೂ ಗೊತ್ತಿರುವುದು. ಎರಡನೇ ಬೇಸಿಗೆ ಬಲಗೈಯವಳೇ ಆಗಬೇಕು. ಚೆಂಡು ಹಿಡಿದಾಗ ಬಲಗೈಯವಳ ಎಡಭುಜ ತಾನಾಗಿಯೇ ಒಂದನೇ ಬೇಸಿನ ಕಡೆಗಿರುತ್ತದೆ, ಅವಳು ಒಂದು ಹೆಜ್ಜೆ ಹಾಕಿ ಎಸೆದರಾಯಿತು. ಎಡಗೈಯವಳಾದರೆ ಇಡೀ ಮೈಯನ್ನು ಹಿಂದುಮುಂದಾಗಿ ತಿರುಗಿಸಬೇಕು. ಅಷ್ಟು ಹೊತ್ತಿಗೆ ಓಡಿ ಬರುವವಳು ಮೈಮೇಲೆ ಬಂದಿರುತ್ತಾಳೆ, ಅದೂ ಬೆನ್ನ ಹಿಂದಿನಿಂದ.

ಆಯ್ಕೆಯ ಸಂಜೆ ಆತ ಒಬ್ಬೊಬ್ಬಳನ್ನೇ ನಿಲ್ಲಿಸಿ ನೆಲಕ್ಕೆ ಚೆಂಡು ಹೊಡೆದು ನೋಡಿದ. ಕೆಲವರು ಚೆಂಡಿಗೆ ಹೆದರಿ ಮುಖ ತಿರುಗಿಸಿದರು. ಕೆಲವರು ಹಿಡಿದು, ಎತ್ತ ಎಸೆಯಬೇಕೆಂದು ತಿಳಿಯದೆ ಆತನನ್ನೇ ನೋಡಿದರು. ಎಡಚಿ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗಿಯ ಗ್ಲೌಸು ಮಾತ್ರ ಹಾವಿನ ಹೆಡೆಯ ಹಾಗೆ ಚೆಂಡಿನ ಮೇಲೆ ಬೀಳುತ್ತಿತ್ತು. ಆದರೆ ಹೆಸರೇ ಹೇಳುವಂತೆ ಅವಳು ಎಸೆಯುವುದು ಎಡಗೈಯಲ್ಲಿ. ಕೊನೆಗೆ ಪುಟ್ಟಿ ಬಂದಳು, ಬಲಗೈಯವಳು. ಆತ ಬ್ಯಾಟ್ ಬೀಸುವ ಮೊದಲೇ ಅವಳ ಹಿಮ್ಮಡಿ ನೆಲ ಬಿಟ್ಟಿರುತ್ತಿತ್ತು. ಚೆಂಡು ಹೋಗುವ ಕಡೆಗೆ ಚೆಂಡಿಗಿಂತ ಅರೆಗಳಿಗೆ ಮುಂಚೆ ಅವಳು ಹೊರಟಿರುತ್ತಿದ್ದಳು. ಹಿಡಿಯುವಾಗಲೇ ಪಕ್ಕದವಳಿಗೆ “ನೀನು ಬೇಸ್ ಬಿಡ್ಬೇಡ!” ಎಂದು ಕೂಗಿ ಹೇಳುತ್ತಿದ್ದಳು. ಲಿಫ್ಟಿನ ಬಾಗಿಲು ಸರಿಯಾಗಿ ಕೂತಾಗ ಬರುವ ಸಣ್ಣ ಸದ್ದು ಆತನ ಕಿವಿಗೆ ಚೆನ್ನಾಗಿ ಗೊತ್ತು. ಪುಟ್ಟಿಯನ್ನು ಅಲ್ಲಿ ನೋಡಿದಾಗ ಅಂಥದೇ ಸದ್ದು ಆತನೊಳಗೆ ಕೇಳಿಸಿತು.

ಆಮೇಲೆ ಆತ ತಲೆಯೆತ್ತಿ ಬೇಲಿಯ ಕಡೆ ನೋಡಿದ. ಹತ್ತಾರು ಜನ ನಿಂತಿದ್ದರು. ಅವರ ನಡುವೆ ಔಷಧಿ ಅಂಗಡಿಯವರು ಕೈಕಟ್ಟಿಕೊಂಡು, ತುಟಿಯ ತುದಿಯಲ್ಲಿ ನಗುತ್ತ, ‘ಈಗ ನೋಡೋಣ’ ಎನ್ನುವಂತೆ ನಿಂತಿದ್ದರು.

“ಎರಡನೇ ಬೇಸಿಗೆ ಎಡಚಿ” ಎಂದ ಲಿಫ್ಟ್ ಮೇಷ್ಟ್ರು.

ಬೇಲಿಯಾಚೆ ಒಬ್ಬ ಮನುಷ್ಯ ಎರಡೂ ಕೈಯೆತ್ತಿ “ಅಯ್ಯೋ ನನ್ನ ಚಿನ್ನಾ!” ಎಂದು ಕೂಗಿದ. ಅವನು ಎಡಚಿಯ ಅಪ್ಪ, ಮನೆಗಳಿಗೆ ಬಣ್ಣ ಬಳಿಯುವವನು. ಮೊಣಕೈಯ ಮೇಲೆ ಯಾವುದೋ ಮನೆಯ ಹಸಿರು ಬಣ್ಣ ಇನ್ನೂ ಒಣಗಿರಲಿಲ್ಲ. ಔಷಧಿ ಅಂಗಡಿಯವರ ನಗು ಮಾಯವಾಯಿತು. ಹೊರಡುವಾಗ ಅವರು ಹತ್ತಿರ ಬಂದು, “ಒಪ್ಪಿದೆ ಕಣ್ರೀ. ನನ್ನ ಕೈಲಿ ಆಗಿರ್ಲಿಲ್ಲ ಇದು” ಎಂದು ಕೈಕುಲುಕಿದರು. ಲಿಫ್ಟ್ ಮೇಷ್ಟ್ರ ಎದೆ ಉಬ್ಬಿತು.

ವ್ಯಾನಿನಲ್ಲಿ ಪುಟ್ಟಿ ಕೇಳಿದಳು: “ಅಪ್ಪಾ, ನಾನೇನು ತಪ್ಪು ಮಾಡ್ದೆ?”

ಆತ ನಿಜ ಹೇಳಬಹುದಿತ್ತು. ‘ನೀನೇನೂ ತಪ್ಪು ಮಾಡಿಲ್ಲ ಮಗಳೇ, ಜನರ ಬಾಯಿಗೆ ಹೆದರಿದೆ’ ಎಂದಿದ್ದರೆ ಅವಳು ಅತ್ತು, ರೇಗಿ, ಎರಡು ದಿನಕ್ಕೆ ಮರೆಯುತ್ತಿದ್ದಳು. ಆದರೆ ಹಾಗೆ ಹೇಳಿದರೆ ಅವಳ ಕಣ್ಣಿನಲ್ಲಿ ತಾನು ಸಣ್ಣವನಾಗುತ್ತೇನೆ ಎನ್ನಿಸಿತು.

“ತಪ್ಪೇನಿಲ್ಲ. ಕಾಲು ಸ್ವಲ್ಪ ನಿಧಾನ ನಿಂದು” ಎಂದ.

“ನಿಧಾನಾನಾ?”

“ಹೂಂ. ಮೊದಲನೇ ಹೆಜ್ಜೆ. ಎರಡನೇ ಬೇಸಿಗೆ ಸಾಲದು.”

ಅವಳು ಬಗ್ಗಿ ತನ್ನ ಕಾಲುಗಳನ್ನು ನೋಡಿಕೊಂಡಳು. ಅಪ್ಪ ಹೇಳಿದ ಮೇಲೆ ಮುಗಿಯಿತು. ಆಟದ ವಿಷಯದಲ್ಲಿ ಆತ ಹೇಳಿದ್ದೇ ಅವಳಿಗೆ ವೇದವಾಕ್ಯ. ಮರುದಿನ ಬೆಳಿಗ್ಗೆ ಆತ ಹಲ್ಲುಜ್ಜುತ್ತ ಹಿಂಬದಿಯ ಕಿಟಕಿಯಿಂದ ನೋಡಿದರೆ, ಪುಟ್ಟಿ ಓಣಿಯಲ್ಲಿ ಹಗ್ಗ ಹಿಡಿದು ಕುಣಿಯುತ್ತಿದ್ದಳು. ಆಮೇಲೆ ಗೋಡೆಯಿಂದ ಕಂಬಕ್ಕೆ, ಕಂಬದಿಂದ ಗೋಡೆಗೆ ಓಡಿದಳು. ಅದರ ಮರುದಿನವೂ ಅದೇ. “ಏನಿದು ಹೊಸ ಹುಚ್ಚು?” ಎಂದು ಹೆಂಡತಿ ಕೇಳಿದಾಗ ಆತ ಬಾಯಿ ತುಂಬ ನೊರೆ ಇದೆಯೆಂದು ಕೈಸನ್ನೆ ಮಾಡಿ ಜಾರಿಕೊಂಡ. ಅಂದಿನಿಂದ ಹಲ್ಲುಜ್ಜುವಾಗ ಆ ಕಿಟಕಿಗೆ ಬೆನ್ನು ಹಾಕಿ ನಿಲ್ಲುವುದನ್ನು ರೂಢಿ ಮಾಡಿಕೊಂಡ.

ಮಾಡಿದ ತಪ್ಪನ್ನು ದುಡಿಮೆಯಿಂದ ಮುಚ್ಚಬಹುದೆಂದು ಆತನಿಗೆ ಅನ್ನಿಸಿರಬೇಕು. ಎಡಚಿಯನ್ನು ತಯಾರು ಮಾಡಲು ಜೀವ ತೇಯ್ದ. ಮಿಕ್ಕವರು ಹೋದ ಮೇಲೂ ಅವಳನ್ನು ನಿಲ್ಲಿಸಿಕೊಂಡು, ಬೇಸಿನ ಮೇಲೆ ಯಾವ ಕಾಲು ಮೊದಲು, ಸೊಂಟ ಎಷ್ಟು ತಿರುಗಬೇಕು, ಚೆಂಡನ್ನು ಗ್ಲೌಸಿನಿಂದ ಕೈಗೆ ಹೇಗೆ ದಾಟಿಸಬೇಕು ಎಂದು ನೂರು ಸಲ ಮಾಡಿಸಿದ. ಹುಡುಗಿ ಹಟಗಾರ್ತಿ. ಒಂದು ಸಲ ಹೇಳಿದರೆ ಹತ್ತು ಸಲ ಮಾಡುವಳು. ಆದರೂ ತಿರುಗುವಾಗ ಕಳೆದುಹೋಗುವ ಆ ಒಂದು ಚಿಟಿಕೆಯಷ್ಟು ಹೊತ್ತು ಮರಳಿ ಬರಲಿಲ್ಲ. ಬರುವಂಥದ್ದೂ ಅಲ್ಲ. ಅದು ಅವಳ ಕೊರತೆಯಾಗಿರಲಿಲ್ಲ, ದೇಹ ಇರುವ ರೀತಿ.

“ಸಾರ್, ನಾನು ಬಲಗೈಲಿ ಎಸೆಯೋದು ಕಲೀಲಾ?” ಎಂದು ಒಂದು ಸಂಜೆ ಅವಳೇ ಕೇಳಿದಳು.

“ಬೇಡಮ್ಮ, ಹೀಗೇ ಸರಿಹೋಗುತ್ತೆ” ಎಂದ ಆತ, ಅವಳ ಮುಖ ನೋಡದೆ.

ಆದರೆ ಅವಳು ಬಿಡದೆ ಮನೆಯಲ್ಲಿ ಬಲಗೈ ಪಳಗಿಸತೊಡಗಿದಳು. ಒಂದು ಭಾನುವಾರ ಬಣ್ಣದವನು ಡಬ್ಬಿ, ಬ್ರಷ್ಷು ಹಿಡಿದು ಮೈದಾನಕ್ಕೆ ಬಂದ. ತಂಡದ ಹುಡುಗಿಯರು ಕೂರುವ ಮರದ ಬೆಂಚಿಗೆ ಬಣ್ಣ ಹೋಗಿ ಎಷ್ಟೋ ಕಾಲವಾಗಿತ್ತು. ಯಾರೂ ಹೇಳಿರಲಿಲ್ಲ, ಕೇಳಿರಲಿಲ್ಲ. ಉಪ್ಪುಕಾಗದದಿಂದ ಉಜ್ಜಿ, ಬಿರುಕಿಗೆಲ್ಲ ಪುಟ್ಟಿ ತುಂಬಿ, ಆಕಾಶದ ಬಣ್ಣ ಬಳಿಯತೊಡಗಿದ. “ಪುಟ್ಟೀನಾ? ನನ್ನನ್ಯಾಕೆ ಬೆಂಚಿಗೆ ತುಂಬ್ತೀರಾ ಮಾಮಾ?” ಎಂದು ಮೇಷ್ಟ್ರ ಮಗಳು ತಮಾಷೆ ಮಾಡಿದಳು. ಅವನು ಜೋರಾಗಿ ನಕ್ಕ. ಮೇಷ್ಟ್ರಿಗೆ ನಗು ಬರಲಿಲ್ಲ.

“ಇದೆಲ್ಲ ಯಾಕಣ್ಣ?” ಎಂದು ಆತ ಕೇಳಿದ.

“ನನ್ನ ಮಗಳಿಗೆ ನೀವು ಮಾಡಿದ್ದಕ್ಕೆ ಇದೇನ್ ಮಹಾ ಮೇಷ್ಟ್ರೇ. ಇಷ್ಟು ದಿನ ಎಲ್ಲಾರೂ ಅವಳಿಗೆ ಎಡಚಿ ಎಡಚಿ ಅಂತ ಆಡ್ಕೊಳ್ಳೋರು. ಸ್ವಂತ ಮಗಳನ್ನ ಬದಿಗಿಟ್ಟು ಇವಳಲ್ಲಿ ಏನೋ ಕಂಡ್ರಲ್ಲ ನೀವು! ಈಗ ನೋಡಿ, ಹಲ್ಲುಜ್ಜೋದೂ ಬಲಗೈಲೇ, ತಲೆ ಬಾಚ್ಕೊಳ್ಳೋದೂ ಬಲಗೈಲೇ. ಬೈತಲೆ ಸೊಟ್ಟ ಆಗುತ್ತೆ, ಆಗ್ಲಿ ಅಂತಾಳೆ. ಮೇಷ್ಟ್ರ ಮರ್ಯಾದೆ ಉಳಿಸ್ಬೇಕಂತೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮರ್ಯಾದೆ ಎಂಬ ಮಾತು ಕೇಳಿದ್ದೇ ಆತನ ಕೈ ಕೊರಳಿನ ಸೀಟಿಗೆ ಹೋಯಿತು. ಊದಲು ಕಾರಣವಿರಲಿಲ್ಲ. ಆದರೂ ಊದಿ, ಹುಡುಗಿಯರನ್ನು ಸುಮ್ಮನೆ ಮೈದಾನ ಸುತ್ತು ಹಾಕಿಸಿದ.

ಪಂದ್ಯ ಬಂತು. ಎದುರಾಳಿ ತಂಡದ ಕೋಚ್ ಒಬ್ಬ ಹಿರಿಯ ಹೆಂಗಸು, ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು, ಎಲ್ಲರೂ ಟೀಚರಮ್ಮ ಎಂದೇ ಕರೆಯುವರು. ಕೊನೆಯ ಸರದಿಯವರೆಗೂ ಎರಡೂ ಕಡೆ ಸರಿಸಮ. ಎದುರಾಳಿಯ ಒಬ್ಬಳು ಒಂದನೇ ಬೇಸಿನಲ್ಲಿ, ಇನ್ನೊಬ್ಬಳು ಮೂರನೇ ಬೇಸಿನಲ್ಲಿ. ಒಬ್ಬಳು ಆಗಲೇ ಔಟಾಗಿದ್ದಳು; ಇನ್ನಿಬ್ಬರನ್ನು ಒಟ್ಟಿಗೆ ಔಟ್ ಮಾಡಿದರೆ ಮೂವರಾಗಿ ಸರದಿ ಮುಗಿಯುತ್ತಿತ್ತು.

ಚೆಂಡು ನೆಲದ ಮೇಲೆ ಪುಟಿಯುತ್ತ ಶಾರ್ಟ್‌ಸ್ಟಾಪ್ ಕಡೆ ಹೋಯಿತು. ಅವಳು ಹೆಕ್ಕಿ ಎರಡನೇ ಬೇಸಿಗೆ ಎಸೆದಳು. ಎಡಚಿ ಸರಿಯಾದ ಹೊತ್ತಿಗೆ ಅಲ್ಲಿದ್ದಳು. ಕಾಲು ಬೇಸಿನ ಮೇಲೆ, ಚೆಂಡು ಗ್ಲೌಸಿನೊಳಗೆ, ಒಬ್ಬಳು ಔಟ್. ಬೆಂಚಿನ ತುದಿಯಲ್ಲಿದ್ದ ಪುಟ್ಟಿ ಎದ್ದು ನಿಂತು “ಎಸಿ!” ಎಂದು ಕಿರುಚಿದಳು. ಎಡಚಿ ಮೈ ತಿರುಗಿಸಿದಳು. ಕಲಿತದ್ದನ್ನೆಲ್ಲ ಕಲಿತಂತೆಯೇ ಮಾಡಿದಳು. ಅವಳ ಬೆನ್ನು ಅರ್ಧ ತಿರುಗಿರುವಾಗಲೇ, ತಡೆದುಕೊಳ್ಳಲಾಗದೆ ಓಡಿ ಬಂದ ಹುಡುಗಿ ಬಂದು ಅಪ್ಪಳಿಸಿದಳು. ಇಬ್ಬರೂ ಉರುಳಿದರು. ಚೆಂಡು ಎಲ್ಲೋ ಹೋಯಿತು. ಮೂರನೇ ಬೇಸಿನಲ್ಲಿ ನಿಂತಿದ್ದ ಎದುರಾಳಿ ‘ಮನೆ’ ಮುಟ್ಟಿ ಗೆಲುವಿನ ಅಂಕ ಗಳಿಸಿದಳು. ಆಟ ಮುಗಿಯಿತು.

ಗ್ಲೌಸು ತೆಗೆದಾಗ ಎಡಚಿಯ ಬಲ ಮಣಿಕಟ್ಟು ಆಗಲೇ ಊದಿಕೊಂಡಿತ್ತು. ಅವಳು ಅಳುತ್ತಿದ್ದುದು ನೋವಿಗಲ್ಲ. “ಸಾರ್, ಸಾರಿ ಸಾರ್, ಇನ್ನೂ ಬೇಗ ತಿರುಗಬೇಕಿತ್ತು” ಎಂದೇ ಹೇಳುತ್ತಿದ್ದಳು. ಬಣ್ಣದವನು ಅವಳನ್ನು ಎತ್ತಿಕೊಂಡು ಗೇಟಿನ ಕಡೆ ನಡೆದ. ಬೇಲಿಯ ಬಳಿ ಯಾರೋ, “ಮೇಷ್ಟ್ರು ಸ್ವಂತ ಮಗಳನ್ನ ಕೂರ್ಸಿ ಇವಳಿಗೆ ಜಾಗ ಕೊಟ್ರು, ಉಳಿಸ್ಕೊಳ್ಳೋಕೆ ಆಗ್ಲಿಲ್ಲ ನೋಡಿ” ಎಂದರು. ಬಣ್ಣದವನಿಗೆ ಕೇಳಿಸಿತು. ಅವನು ತಲೆ ತಗ್ಗಿಸಿಕೊಂಡೇ ದಾಟಿದ. ತಗ್ಗಬೇಕಾದ ತಲೆ ಅದಾಗಿರಲಿಲ್ಲ. ಅದು ಮೇಷ್ಟ್ರಿಗೆ ಗೊತ್ತಿತ್ತು, ಆದರೆ ಬಾಯಿ ಬಿಡಲಿಲ್ಲ.

ಆಗ ಟೀಚರಮ್ಮ ಹತ್ತಿರ ಬಂದರು. ಗೆದ್ದ ಖುಷಿ ಅವರ ಮುಖದಲ್ಲಿರಲಿಲ್ಲ.

“ಕೈ ಮುರಿದಿಲ್ಲ ಅನ್ಸುತ್ತೆ, ಆದ್ರೂ ಎಕ್ಸ್‌ರೇ ತೆಗೆಸ್ಬಿಡು. ಅಲ್ಲಪ್ಪಾ, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಎಡಗೈ ಹುಡುಗೀನ ಎರಡನೇ ಬೇಸಿಗೆ ಯಾಕೆ ಹಾಕ್ದೆ? ಬೇರೆ ಯಾರೂ ಇರ್ಲಿಲ್ವಾ?”

“ಇರ್ಲಿಲ್ಲ ಟೀಚರಮ್ಮ. ಯಾರೂ ಇರ್ಲಿಲ್ಲ” ಎಂದ ಆತ.

ಹೇಳಿ ತಿರುಗಿದರೆ ಹಿಂದೆಯೇ ಪುಟ್ಟಿ ನಿಂತಿದ್ದಳು. ಎಡಚಿಯ ಕೈಗಿಡಲೆಂದು ಎಲ್ಲಿಂದಲೋ ಐಸು ತಂದಿದ್ದಳು. ಅದು ಕರಗಿ ಬೆರಳುಗಳ ಸಂದಿಯಿಂದ ತೊಟ್ಟಿಕ್ಕುತ್ತಿತ್ತು. ಅವಳು ಅಪ್ಪನನ್ನು ನೋಡಲಿಲ್ಲ. ಟೀಚರಮ್ಮನನ್ನು ನೋಡಿ, “ಅವ್ರು ಹೋಗ್ಬಿಟ್ರಾ?” ಎಂದು ಕೇಳಿ, ಗೇಟಿನ ಕಡೆ ಓಡಿದಳು. ಎಷ್ಟು ಚುರುಕಾಗಿ ಓಡಿದಳೆಂದರೆ ಟೀಚರಮ್ಮ ಅವಳು ಹೋದ ದಿಕ್ಕನ್ನೇ ನೋಡುತ್ತ, “ಅದ್ಯಾರು ಆ ಹುಡುಗಿ?” ಎಂದರು.

ಆತನಿಗೆ ನೆಲ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ಲಿಫ್ಟಿನ ಹಗ್ಗ ಹರಿದರೂ ಹಿಡಿದು ನಿಲ್ಲಿಸುವ ಬ್ರೇಕು ಇರುತ್ತದೆ. ಆ ಗಳಿಗೆಯಲ್ಲಿ ಆತನನ್ನು ಹಿಡಿದು ನಿಲ್ಲಿಸಲು ಏನೂ ಇರಲಿಲ್ಲ. “ನನ್ನ ಮಗಳು” ಎಂದ. ಟೀಚರಮ್ಮ ಆತನ ಮುಖವನ್ನು ಒಮ್ಮೆ ನೋಡಿದರು. ಮತ್ತೇನೂ ಕೇಳದೆ ಹೊರಟುಹೋದರು. ಬೈದಿದ್ದರೂ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನ ಕೆಲಸದ ನಡುವೆಯೇ ಆತ ಹೆಂಡತಿಯ ಅಂಗಡಿಗೆ ಹೋದ. ಆಕೆ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ನಡೆಸುತ್ತಿದ್ದಳು. ಗಿರಾಕಿಗಳಿರಲಿಲ್ಲ. ಬಾಚಣಿಗೆಗಳನ್ನು ಸೋಪಿನ ನೀರಿನಲ್ಲಿ ನೆನೆಹಾಕುತ್ತಿದ್ದವಳು ಕನ್ನಡಿಯೊಳಗಿಂದಲೇ ಗಂಡನನ್ನು ನೋಡಿ, “ನಿನ್ನೆಯಿಂದ ಪುಟ್ಟಿ ತುಟಿ ಬಿಚ್ಚಿಲ್ಲ. ಏನಾಯ್ತು ಹೇಳ್ತೀರೋ, ನಾನೇ ಊಹೆ ಮಾಡ್ಲೋ?” ಎಂದಳು.

ಆತ ಗಿರಾಕಿಗಳ ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದ. ಎದುರಿಗಿದ್ದ ದೊಡ್ಡ ಕನ್ನಡಿಯಲ್ಲಿ ತನ್ನ ಮುಖವೇ ಕಾಣುತ್ತಿತ್ತು. ನೋಡಲಾಗದೆ ಮೊಣಕಾಲು ನೋಡುತ್ತ ಹೇಳಿದ. ಕಾಲು ನಿಧಾನ ಎಂದು ಸುಳ್ಳು ಹೇಳಿದ್ದನ್ನೂ ಹೇಳಿದ.

ಹೆಂಡತಿ ಕೈ ಒರೆಸಿಕೊಂಡಳು. “ಅದಕ್ಕಾ ಆ ಮಗು ದಿನಾ ಬೆಳಿಗ್ಗೆ ಓಣೀಲಿ ಓಡಿ ಸಾಯ್ತಿದ್ದಿದ್ದು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ. ಔಷಧಿ ಅಂಗಡಿಯವ್ರು ಮಗಳಿಗೆ ಜಾಗ ಕೊಟ್ರೆ ನನ್ನ ಮಗಳಿಗ್ಯಾಕ್ರೀ ಬರೆ?”

“ನ್ಯಾಯವಾಗಿರ್ಬೇಕು ಅಂತ…”

“ನ್ಯಾಯ ಅಲ್ಲ. ನ್ಯಾಯವಂತ ಅನ್ನಿಸ್ಕೋಬೇಕು ಅಂತ. ಎರಡೂ ಬೇರೆ ಬೇರೆ. ಔಷಧಿ ಅಂಗಡಿಯವ್ರು ಮಗಳ ಮೇಲಿನ ಆಸೆಗೆ ತಪ್ಪು ಮಾಡಿದ್ರು. ನೀವು ನಿಮ್ಮ ಮೇಲಿನ ಆಸೆಗೆ ಮಾಡಿದ್ರಿ.” ಆಮೇಲೆ ದನಿ ತಗ್ಗಿಸಿ ಹೇಳಿದಳು: “ಮೊದಲು ಆ ಹುಡುಗಿ ಮನೆಗೆ ಹೋಗಿ. ತನ್ನಿಂದ ಆಟ ಹೋಯ್ತು ಅಂತ ಅಂದ್ಕೊಂಡಿರುತ್ತೆ ಅದು.”

ಬಣ್ಣದವನ ಮನೆ ಒಂದು ಮಹಡಿಯ ಮೇಲಿತ್ತು. ಊರಿನ ಗೋಡೆಗಳಿಗೆಲ್ಲ ಬಣ್ಣ ಬಳಿಯುವವನ ಸ್ವಂತ ಗೋಡೆ ಸುಣ್ಣ ಉದುರಿ ನಿಂತಿತ್ತು. ಎಡಚಿ ಕಿಟಕಿಯ ಬಳಿ ಕೂತಿದ್ದಳು. ಮಣಿಕಟ್ಟಿನ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿದೆಯೆಂದು ಬಲಗೈಗೆ ಪ್ಲಾಸ್ಟರ್ ಹಾಕಿದ್ದರು. “ಬನ್ನಿ ಬನ್ನಿ” ಎಂದು ಬಣ್ಣದವನು ಗಡಿಬಿಡಿಯಲ್ಲಿ ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದ. “ಬಲಗೈಗೆ ರಜಾ ಸಿಕ್ತು, ಎಡಗೈ ಮತ್ತೆ ಡ್ಯೂಟಿಗೆ ಬಂತು. ಬೈತಲೆ ಇವತ್ತು ನೆಟ್ಟಗಿದೆ ನೋಡಿ ಮೇಷ್ಟ್ರೇ!” ಅಪ್ಪನ ತಮಾಷೆಗೆ ಮಗಳು ನಗಲಿಲ್ಲ.

ಮೇಷ್ಟ್ರು ಕೂರಲಿಲ್ಲ. “ನಿನ್ನಿಂದ ಆಟ ಹೋಗ್ಲಿಲ್ಲಮ್ಮ. ನನ್ನಿಂದ ಹೋಯ್ತು. ಆ ಜಾಗ ಎಡಗೈಯವರಿಗೆ ಅಲ್ಲ. ಅದು ನನಗೆ ಮೊದಲೇ ಗೊತ್ತಿತ್ತು” ಎಂದ.

“ಗೊತ್ತಿತ್ತಾ?” ಎಂದಳು ಎಡಚಿ.

“ಗೊತ್ತಿತ್ತು. ನನ್ನ ಮಗಳಿಗೆ ಕೊಟ್ರೆ ಜನ ಏನಂತಾರೋ ಅಂತ ನಿನಗೆ ಕೊಟ್ಟೆ.”

ಬಣ್ಣದವನು ಮೊದಲು ನಕ್ಕ, ಅರ್ಥವಾಗದವರು ನಗುವ ಹಾಗೆ. ಆಮೇಲೆ ಆ ನಗು ಮುಖದ ಮೇಲೆಯೇ ಒಣಗಿತು. “ಮೇಷ್ಟ್ರೇ, ನಾನು ಬೆಂಚಿಗೆ ಬಣ್ಣ ಬಳಿದೆ” ಎಂದ ಮೆಲ್ಲಗೆ. ಆ ಒಂದು ಮಾತು ಮೇಷ್ಟ್ರ ಕೆನ್ನೆಗೆ ಹೊಡೆದಂತಾಯಿತು.

ರೇಗಿದವಳು ಮಗಳು. ಎದ್ದು ನಿಂತು, ಪ್ಲಾಸ್ಟರ್ ಹಾಕಿದ ಕೈಯನ್ನೇ ಮುಂದೆ ಚಾಚಿ ಕೇಳಿದಳು: “ಹಾಗಾದ್ರೆ ನೀವು ಚೆನ್ನಾಗಿ ಆಡ್ತೀಯಾ ಅಂದಿದ್ದೆಲ್ಲ ಸುಳ್ಳಾ?”

“ಅಲ್ಲ. ನಿನ್ನಷ್ಟು ಚುರುಕಾದ ಗ್ಲೌಸು ತಂಡದಲ್ಲಿ ಇನ್ಯಾರದ್ದೂ ಇಲ್ಲ. ಅದು ಸತ್ಯ. ಜಾಗ ಮಾತ್ರ ತಪ್ಪು. ಒಂದನೇ ಬೇಸಿಗೆ ಎಡಗೈಯವಳು ಸಿಕ್ಕಿದ್ರೆ ಯಾವ ತಂಡಕ್ಕಾದ್ರೂ ಹಬ್ಬ. ಅಲ್ಲಿ ಗ್ಲೌಸು ಮೈದಾನದ ಕಡೆಗಿರುತ್ತೆ, ಎಸೆಯೋಕೆ ತಿರುಗೋದೇ ಬೇಡ. ಮೊದಲನೇ ದಿನವೇ ಅಲ್ಲಿ ನಿಲ್ಲಿಸ್ಬೇಕಿತ್ತು ನಿನ್ನ.”

“ನಿಮ್ಮನ್ನ ನಂಬೋದು ಹೇಗೆ?” ಎಂದಳು ಅವಳು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಣ್ಣದವನು ಮೆಟ್ಟಿಲವರೆಗೆ ಬಂದು ಬೀಳ್ಕೊಟ್ಟ. ಮೇಷ್ಟ್ರೇ ಎನ್ನಲಿಲ್ಲ.

ಮನೆಗೆ ಬಂದಾಗ ಪುಟ್ಟಿ ಹಿಂದಿನ ಓಣಿಯಲ್ಲಿ ಹಗ್ಗ ಹಿಡಿದು ಕುಣಿಯುತ್ತಿದ್ದಳು. ಇನ್ನೂ ಕುಣಿಯುತ್ತಿದ್ದಳು! ಆತ ಹೋಗಿ ಗೋಡೆಗೆ ಒರಗಿ ನಿಂತ.

“ನಿಲ್ಸು ಪುಟ್ಟಿ. ನಿನ್ನ ಕಾಲು ನಿಧಾನ ಅಲ್ಲ. ಯಾವತ್ತೂ ಆಗಿರ್ಲಿಲ್ಲ. ಸುಳ್ಳು ಹೇಳ್ದೆ.”

ಹಗ್ಗ ನೆಲಕ್ಕೆ ಬಿತ್ತು. ಆತ ಒಂದೊಂದನ್ನೇ ಬಿಡಿಸಿ ಹೇಳಿದ. ಅವಳು ಕೇಳಿದಳು. ಕೊನೆಗೆ ಸಿಟ್ಟಾಗುವ ಬದಲು, “ಇಲ್ಲಪ್ಪ, ಸ್ವಲ್ಪ ನಿಧಾನಾನೇ. ನಾನೂ ಗಮನಿಸ್ದೆ. ನೀನೀಗ ಬೇಜಾರಿಗೆ ಹೀಗೆ ಹೇಳ್ತಿದೀಯ” ಎಂದಳು. ಸುಳ್ಳನ್ನು ನಂಬಿದಷ್ಟು ಸುಲಭವಾಗಿ ಅವಳು ಸತ್ಯವನ್ನು ನಂಬಲಿಲ್ಲ. ಆತನಿಗೆ ಅತ್ಯಂತ ನಾಚಿಕೆಯೆನಿಸಿದ್ದು ಟೀಚರಮ್ಮನ ಎದುರಿಗೂ ಅಲ್ಲ, ಬಣ್ಣದವನ ಮನೆಯಲ್ಲೂ ಅಲ್ಲ, ಆ ಓಣಿಯಲ್ಲಿ.

ಮುಂದಿನ ಅಭ್ಯಾಸದ ದಿನ ತಂದೆತಾಯಂದಿರನ್ನೂ ಬೇಲಿಯೊಳಗೆ ಕರೆದು ತಾನು ಮಾಡಿದ್ದನ್ನೆಲ್ಲ ಎಲ್ಲರೆದುರು ಹೇಳಿದ. ಮಾತು ತಡವರಿಸಿತು, ಆದರೂ ನಿಲ್ಲಿಸಲಿಲ್ಲ. ಈ ಸಲ ಚಪ್ಪಾಳೆ ಇರಲಿಲ್ಲ. ಒಬ್ಬ ತಾಯಿ, “ಎಂಥ ಜನರಪ್ಪಾ” ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಕೇಳಿಸಿತು. ಔಷಧಿ ಅಂಗಡಿಯವರ ಕೈಗೆ ಆತ ಸೀಟಿ ಕೊಡಲು ಹೋದ. ಅವರು ತೆಗೆದುಕೊಳ್ಳಲಿಲ್ಲ. “ಇಟ್ಕೊಳ್ಳಿ. ಕೆಡಿಸಿದ್ದನ್ನ ಕೂತು ಸರಿಮಾಡಿ. ನಾನು ಹಾಗೆ ಮಾಡ್ಲಿಲ್ಲ, ಎದ್ದು ಹೋದೆ. ಅದೇ ನನಗೀಗ್ಲೂ ಚುಚ್ಚುತ್ತೆ” ಎಂದರು.

ಸರಿಮಾಡುವುದು ಕೆಡಿಸಿದಷ್ಟು ಬೇಗ ಆಗಲಿಲ್ಲ. ಎರಡನೇ ಬೇಸಿಗೆ ಬಂದ ಪುಟ್ಟಿ ಹಳೆಯ ಪುಟ್ಟಿಯಾಗಿರಲಿಲ್ಲ. ಬ್ಯಾಟ್ ಬೀಸುವ ಗಳಿಗೆಯಲ್ಲಿ ಅವಳು ತನ್ನ ಕಾಲು ನೋಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಚೆಂಡು ಪಕ್ಕದಲ್ಲೇ ದಾಟಿಹೋಗುತ್ತಿತ್ತು. ನಿಜಕ್ಕೂ ಅವಳ ಮೊದಲ ಹೆಜ್ಜೆ ನಿಧಾನವಾಗಿತ್ತು. ಆತ ಹೇಳಿದ ಸುಳ್ಳು ಕೊನೆಗೂ ಸತ್ಯವಾಗಿತ್ತು. ಬೇಲಿಯ ಬಳಿ ಜನ ಕೆಮ್ಮಿದರು. ‘ಇದಕ್ಕಾ ಅಷ್ಟೆಲ್ಲ ನಾಟಕ?’ ಎನ್ನುವ ಕೆಮ್ಮು. ಆತ ಬೈಯಲಿಲ್ಲ, ಹೊಗಳಲೂ ಇಲ್ಲ. ತನ್ನ ಹೊಗಳಿಕೆಗೆ ಈಗ ಬೆಲೆಯಿಲ್ಲವೆಂದು ಗೊತ್ತಿತ್ತು. ಸುಮ್ಮನೆ ಚೆಂಡು ಹೊಡೆಯುತ್ತ ಹೋದ.

ಪ್ಲಾಸ್ಟರ್ ಬಿಚ್ಚಿಸಿಕೊಂಡ ಎಡಚಿ ಒಂದು ಸಂಜೆ ಬಂದು, ಯಾರನ್ನೂ ಕೇಳದೆ, ಒಂದನೇ ಬೇಸಿನ ಪಕ್ಕ ನಿಂತಳು. “ನಿಮಗೋಸ್ಕರ ಬಂದಿಲ್ಲ, ಆಡೋಕೆ ಬಂದೆ” ಎಂದು ಮೇಷ್ಟ್ರಿಗೆ ಮೊದಲೇ ಹೇಳಿಬಿಟ್ಟಳು. ಬಲಗೈಯ ಗ್ಲೌಸು ಇಡೀ ಮೈದಾನಕ್ಕೆ ಬಾಗಿಲು ತೆರೆದಂತೆ ತೆರೆದಿತ್ತು. ಎತ್ತರ, ತಗ್ಗು, ಅಡ್ಡಾದಿಡ್ಡಿ, ಯಾವ ಎಸೆತ ಬಂದರೂ ಅದರೊಳಗೆ ಹೋಗಿ ಕೂರುತ್ತಿತ್ತು. ಪುಟ್ಟಿ ಮತ್ತೆ ಕಾಲು ನೋಡಿಕೊಂಡು ಒಂದು ಚೆಂಡು ಬಿಟ್ಟಾಗ ಎಡಚಿ ರೇಗಿದಳು.

“ಏ! ನಿನ್ನ ಕಾಲು ಎಲ್ಲೂ ಓಡಿಹೋಗಲ್ಲ ಕಣೇ, ಅದನ್ಯಾಕೆ ಕಾಯ್ತೀಯಾ? ನನ್ನ ನೋಡು!”

ಹುಡುಗಿಯರೆಲ್ಲ ನಕ್ಕರು. ಪುಟ್ಟಿಯೂ ನಕ್ಕಳು. ಮುಂದಿನ ಚೆಂಡಿಗೆ ಅವಳು ಎಡಚಿಯನ್ನು ನೋಡುತ್ತಿದ್ದಳು, ಹಿಮ್ಮಡಿ ತಾನಾಗಿಯೇ ನೆಲ ಬಿಟ್ಟಿತು. ಅದಾದ ಮೇಲಿನದಕ್ಕೆ ಮತ್ತೆ ತಡವಾಯಿತು. ಹಾಗೆಯೇ ಒಂದು ಸರಿ, ಒಂದು ತಪ್ಪು ಎಂದು ವಾರಗಳು ಕಳೆದವು. ಸರಿಯಾದದ್ದು ಮೆಲ್ಲಮೆಲ್ಲಗೆ ಹೆಚ್ಚಾಯಿತು. ಮೇಷ್ಟ್ರು ಹೇಳಿಕೊಟ್ಟು ಕಲಿಸಲಾಗದ್ದನ್ನು ಆ ಇಬ್ಬರು ತಮ್ಮತಮ್ಮಲ್ಲೇ ಜಗಳವಾಡಿಕೊಂಡು ಕಲಿತರು.

ಬಣ್ಣದವನು ಪಂದ್ಯಗಳಿಗೆ ಬರುತ್ತಿದ್ದ. ಮೊದಲಿನ ಹಾಗೆ ಬೇಲಿಗೆ ಒರಗದೆ, ದೂರದ ಗೇಟಿನ ಬಳಿ ನಿಂತು ನೋಡುತ್ತಿದ್ದ. ಮೇಷ್ಟ್ರು ಕೈಯೆತ್ತಿದರೆ ತಾನೂ ತಲೆಯಾಡಿಸುವನು, ಅಷ್ಟೇ. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ತನಗಿಲ್ಲವೆಂದು ಮೇಷ್ಟ್ರಿಗೆ ಗೊತ್ತಿತ್ತು.

ವರ್ಷದ ಕೊನೆಯ ಪಂದ್ಯದಲ್ಲಿ ಶಾರ್ಟ್‌ಸ್ಟಾಪ್‌ನಿಂದ ಬಂದ ಚೆಂಡನ್ನು ಪುಟ್ಟಿ ಬೇಸಿನ ಮೇಲೆ ಕಾಲಿಟ್ಟು ಹಿಡಿದು, ಅದೇ ಉಸಿರಿನಲ್ಲಿ ಎಸೆದಳು. ಎಸೆತ ಸ್ವಲ್ಪ ಅಗಲವಾಯಿತು. ಎಡಚಿ ಮೈಚಾಚಿ ಬಲಗೈ ನೀಡಿ ಎಳೆದುಕೊಂಡಳು. ಇಬ್ಬರು ಔಟ್. ಗೇಟಿನ ಕಡೆಯಿಂದ ಒಂದು ಶಿಳ್ಳೆ ಕೇಳಿಸಿತು. ಹುಡುಗಿಯರಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಮೇಷ್ಟ್ರು ಚಪ್ಪಾಳೆ ತಟ್ಟಲು ಕೈ ಎತ್ತಿ, ಯಾಕೋ ಇಳಿಸಿಕೊಂಡ.

ವ್ಯಾನಿನಲ್ಲಿ ಮನೆಗೆ ಹೋಗುವಾಗ ಆತ, “ಇವತ್ತು ನಿನ್ನ ಕಾಲು…” ಎಂದು ಶುರುಮಾಡಿದ.

“ಬೇಡಪ್ಪ” ಎಂದಳು ಪುಟ್ಟಿ. ಸಿಟ್ಟಿನಿಂದಲ್ಲ, ಹಗುರವಾಗಿಯೇ. “ನೀನು ಹೇಳ್ಬೇಡ. ನೀನು ಹೇಳಿದ್ರೆ ನಿಜಾನೋ ಸುಳ್ಳೋ ಅಂತ ಯೋಚ್ನೆ ಮಾಡೋ ಹಾಗಾಗುತ್ತೆ. ಎಡಚಿ ಹೇಳ್ತಾಳೆ ನಂಗೆ.”

“ಸರಿ” ಎಂದ ಆತ. ಸಿಗ್ನಲ್ ಹಸಿರಾಯಿತು, ಹಿಂದಿನವರು ಹಾರ್ನ್ ಹಾಕಿದರು. ಗಾಡಿಯನ್ನು ಮುಂದಕ್ಕೆ ಬಿಡುವಾಗ ಅವಳು ಅಂದಿನ ಆಟದ ಬಗ್ಗೆ ಬೇರೇನೋ ಹೇಳತೊಡಗಿದ್ದಳು. ಆತ ನಡುವೆ ಬಾಯಿ ಹಾಕದೆ ಕೇಳುತ್ತ ಹೋದ.